ಗುಳಿಗೆಯನ್ನು ಬೈಯುವ ಮೊದಲು

ಹುಚ್ಚಿನ ಬಗ್ಗೆ ನಮ್ಮ ಸಾಹಿತ್ಯ ವಿಭಾಗಗಳಲ್ಲಿ ನಡೆಯುವಷ್ಟು ಸೊಗಸಾದ ಚರ್ಚೆ ಬೇರೆಲ್ಲೂ ನಡೆಯಲಿಕ್ಕಿಲ್ಲ. ಆರ್. ಡಿ. ಲೇಂಗ್ 1960ರಲ್ಲಿ ಬರೆದದ್ದು, ಫುಕೋ ಮತ್ತು ಥಾಮಸ್ ಸಾಸ್ 1961ರಲ್ಲಿ ಬರೆದದ್ದು ನಮ್ಮ ವಿಚಾರ ಸಂಕಿರಣಗಳಲ್ಲಿ ಇಂದಿಗೂ ಹೊಸ ಸರಕು. ಹುಚ್ಚು ಎನ್ನುವುದು ಅಧಿಕಾರ ಕೊಟ್ಟ ಹೆಸರು, ಮನೋವೈದ್ಯ ಎಂದರೆ ಬಿಳಿ ಕೋಟಿನ ಪೊಲೀಸು, ಗುಳಿಗೆ ಎಂದರೆ ಕಣ್ಣಿಗೆ ಕಾಣದ ಸರಪಳಿ. ಹೀಗೆ ಮಾತು ಸಾಗುತ್ತದೆ, ಚಪ್ಪಾಳೆ ಬೀಳುತ್ತದೆ, ಊಟಕ್ಕೆ ಬಿಡುತ್ತಾರೆ. ನಾನೂ ಸಂಶೋಧನಾ ವಿದ್ಯಾರ್ಥಿ. ಆ ಪುಸ್ತಕಗಳನ್ನು ಓದಿದ್ದೇನೆ, ಅವುಗಳಿಂದ ಕಲಿತಿದ್ದೇನೆ. ಆದರೆ ಸರಪಳಿ ಎಂಬ ಪದವನ್ನು ಇಷ್ಟು ಸಲೀಸಾಗಿ ರೂಪಕ ಮಾಡಿಕೊಳ್ಳುವವರ ಮೇಲೆ ನನಗೆ ತಕರಾರಿದೆ.

ಯಾಕೆಂದರೆ ನಿಜವಾದ ಸರಪಳಿಯೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರು ಓಡಲಾಗಲಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಕ್ಲೋರ್‌ಪ್ರೋಮಝೀನ್ ಎಂಬ ಔಷಧವನ್ನು ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ 1952ರಲ್ಲೇ ಕೊಟ್ಟು ನೋಡಿದ್ದರು. ಅದಾಗಿ ಸುಮಾರು ಐವತ್ತು ವರ್ಷದ ಮೇಲೂ ಔಷಧ ತಲುಪದ ಜಾಗಕ್ಕೆ ಕಬ್ಬಿಣ ತಲುಪಿತ್ತು. ಇದು ನಮ್ಮ ಸಂಕಿರಣದ ಪ್ರಬಂಧಗಳಲ್ಲಿ ಎಲ್ಲಿದೆ?

ನಾನು ಸಿರಿಮನೆ ಕಡೆಯವನು. ಹೊರಗಿನವರಿಗೆ ಸಿರಿಮನೆ ಎಂದರೆ ಜಲಪಾತ, ಪಕ್ಕದ ಕಿಗ್ಗ ಎಂದರೆ ಮಳೆ ಕೊಡುವ ಋಷ್ಯಶೃಂಗ. ನಮಗೆ ಅದು ಅಡಿಕೆ, ಹಳದಿ ಎಲೆ ರೋಗ, ಸಾಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಕಾಲಿಡಲಾಗದ ಮಳೆ. ಅಲ್ಲಿ ಒಬ್ಬರಿಗೆ ‘ಮಂಡೆ ಸಮ ಇಲ್ಲ’ ಎಂದಾದರೆ ಮೊದಲು ನಿಮಿತ್ತ ಕೇಳುತ್ತಾರೆ, ಆಮೇಲೆ ತಾಯಿತ, ಆಮೇಲೆ ಹರಕೆ. ನನ್ನ ಚಿಕ್ಕಪ್ಪನಿಗೆ ಮನೆಯ ಹಿಂದಿನ ಬಿದಿರು ಮೆಳೆಯಿಂದ ಯಾರೋ ಬೈಯುವುದು ಕೇಳುತ್ತಿತ್ತು. ಬಾವಿಗೆ ವಿಷ ಹಾಕಿದ್ದಾರೆಂದು ನೀರು ಕುಡಿಯುತ್ತಿರಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಆಮೇಲೆ ತಿಂಗಳಿಗೊಂದು ಇಂಜೆಕ್ಷನ್, ರಾತ್ರಿಗೊಂದು ಗುಳಿಗೆ ಶುರುವಾಯಿತು. ಈಗ ಅವರು ತೋಟಕ್ಕೆ ಹೋಗುತ್ತಾರೆ. ಮೈ ಬಂದಿದೆ, ಕೈ ನಡುಗುತ್ತದೆ, ಬೆಳಿಗ್ಗೆ ಒಂಬತ್ತರ ತನಕ ಮಂಪರು. ನಮ್ಮಜ್ಜಿ ಹೇಳುವುದಿಷ್ಟು: “ಮಾತು ಕಮ್ಮಿ ಆಗಿದೆ ಮಗಾ. ಆದ್ರೆ ಈಗ ಮಾತಾಡೋದು ನಮ್ಮ ಹತ್ರನೇ.”

ಈ ಒಂದು ಮಾತಿನಲ್ಲಿ ಗುಳಿಗೆಯ ಲಾಭವೂ ಇದೆ, ನಷ್ಟವೂ ಇದೆ. ನಮ್ಮ ವಿದ್ವತ್ ಚರ್ಚೆ ನಷ್ಟವನ್ನಷ್ಟೇ ಎಣಿಸುತ್ತದೆ.

ಸಾಹಿತ್ಯದವರಿಗೆ ತೀರಾ ಪ್ರಿಯವಾದ ವಾದ ಪ್ರತಿಭೆಯದ್ದು. ಹುಚ್ಚಿಲ್ಲದೆ ಕಾವ್ಯವಿಲ್ಲ, ಲಿಥಿಯಂ ನುಂಗಿದರೆ ಕವಿ ಸಾಯುತ್ತಾನೆ ಎನ್ನುತ್ತಾರೆ. ಇದನ್ನು ಯಾರಾದರೂ ಕೇಳಿ ನೋಡಿದ್ದಾರೆಯೇ? ನೋಡಿದ್ದಾರೆ. ಡೆನ್ಮಾರ್ಕಿನ ಮೋಗೆನ್ಸ್ ಶೂ ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ವಿಚಾರಿಸಿ 1979ರಲ್ಲಿ ಪ್ರಕಟಿಸಿದರು. 12 ಜನ ತಮ್ಮ ಕೆಲಸ ಹೆಚ್ಚಿತು ಎಂದರು, 6 ಜನ ಬದಲಾಗಲಿಲ್ಲ ಎಂದರು, 6 ಜನ ಕುಗ್ಗಿತು ಎಂದರು. ಸಣ್ಣ ಅಧ್ಯಯನ, ಒಪ್ಪೋಣ. ಆದರೂ ನಮ್ಮ ಹತ್ತಿರ ಇರುವ ದಂತಕಥೆಗಿಂತ ಅದು ವಾಸಿ. ಕುಗ್ಗಿತು ಎಂದ ಆ ಆರು ಜನರ ನಷ್ಟವೂ ನಿಜವೇ. ಅವರು ಔಷಧವನ್ನು ಮುಂದುವರಿಸಬೇಕೋ, ಪ್ರಮಾಣ ಇಳಿಸಬೇಕೋ ಎಂಬುದನ್ನು ಅವರು ತಮ್ಮ ವೈದ್ಯರೊಂದಿಗೆ ಕೂತು ತೀರ್ಮಾನಿಸಬೇಕು. ಇನ್ನೊಬ್ಬರ ಉನ್ಮಾದದಿಂದ ಒಳ್ಳೆಯ ಪದ್ಯ ಬರಲಿ ಎಂದು ಓದುಗರಾದ ನಾವು ಕಾಯುವುದು ರಸಿಕತೆಯಲ್ಲ, ಕ್ರೌರ್ಯ. ಉನ್ಮಾದ ಇಳಿದ ಮೇಲೆ ಬರುವ ಖಿನ್ನತೆಯಲ್ಲಿ ಆ ಮನುಷ್ಯ ಬಾವಿ ಕಟ್ಟೆಯ ಮೇಲೆ ಕೂತಾಗ ಯಾವ ವಿಮರ್ಶಕನೂ ಪಕ್ಕದಲ್ಲಿರುವುದಿಲ್ಲ.

ಇನ್ನೊಂದು ವಾದ ದೇಸಿತನದ್ದು. ಇದೆಲ್ಲ ಪಶ್ಚಿಮದ ಔಷಧ, ನಮ್ಮ ಕುಟುಂಬ, ನಮ್ಮ ದೈವ ಇವೇ ಸಾಕು ಎನ್ನುವವರು ಸರ್ಪಗಂಧಿಯ ಕಥೆ ಕೇಳಬೇಕು. ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಗಿಡ ಅದು. ಅದರ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಮೊದಲ ಆಂಟಿಸೈಕೋಟಿಕ್ ಔಷಧಗಳಲ್ಲಿ ಒಂದು ನಮ್ಮ ಬೇರಿನಿಂದಲೇ ಹೊರಟಿತು. ಅಡ್ಡ ಪರಿಣಾಮ ಹೆಚ್ಚಾಗಿ, ಬೇರೆ ಔಷಧ ಮೇಲೆನಿಸಿ ಅದು ಹಿಂದೆ ಸರಿಯಿತು. ಔಷಧವನ್ನು ಅಳೆಯಬೇಕಾದ್ದು ಹೀಗೆ. ಅದರ ಪಾಸ್‌ಪೋರ್ಟ್ ನೋಡಿ ಏನು ಪ್ರಯೋಜನ?

ಕುಟುಂಬ ಸಾಕು ಎನ್ನುವವರು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಧ್ಯಯನವನ್ನು ಮುಂದಿಡುತ್ತಾರೆ. ಆಗ್ರಾದಂಥ ಕೇಂದ್ರಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದವರು ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು ಎಂದು ಅದು ಹೇಳಿತ್ತು. ಅದರಿಂದ ಔಷಧ ಬೇಡ ಎಂಬ ತೀರ್ಮಾನಕ್ಕೆ ಹಾರುವುದು ಹೇಗೆ? ಉತ್ತರಕ್ಕೆ ಆಗ್ರಾಕ್ಕೂ ಹೋಗಬೇಕಿಲ್ಲ. ಕೊಪ್ಪ, ಶೃಂಗೇರಿಗೆ ತಾಗಿಕೊಂಡೇ ಇರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಗುರುತಿಸಿ, ಚಿಕಿತ್ಸೆ ಕೊಟ್ಟು, ಹಿಂಬಾಲಿಸಿ ನೋಡಿದರು. ಅದೇ ಮಳೆ, ಅದೇ ಅಡಿಕೆ, ಅದೇ ಕೂಡು ಕುಟುಂಬ. ಔಷಧ ತೆಗೆದುಕೊಂಡವರಲ್ಲಿ ದುಡಿಮೆ, ಸ್ವಂತ ಆರೈಕೆ, ಜನರೊಂದಿಗಿನ ಒಡನಾಟದ ಕೊರತೆ ಕಡಿಮೆಯಾಯಿತು. ಔಷಧವಿಲ್ಲದೆ ಉಳಿದವರಲ್ಲಿ ಆ ಕೊರತೆ ಹೆಚ್ಚಾಗಿಯೇ ಇತ್ತು. ಮನೆಯವರ ಪ್ರೀತಿ ಎರಡೂ ಕಡೆ ಇತ್ತು. ಇರದಿದ್ದದ್ದು ಔಷಧ.

‘ಈಗ ಸರಿಯಾಗಿದ್ದಾನಲ್ಲ, ಇನ್ನೆಷ್ಟು ದಿನ ಆ ಗುಳಿಗೆ?’ ಎಂದು ಕೇಳುವ ನೆಂಟರು ಪ್ರತಿ ಮನೆಯಲ್ಲೂ ಇದ್ದಾರೆ. ಅವರೇ ಮಳೆ ಹಿಡಿಯುವ ಮೊದಲು ಕೊನೆಗಾರನನ್ನು ಕರೆಸಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಸುತ್ತಾರೆ. ಕೊಳೆ ಬಂದ ಮೇಲೆ ಹೊಡೆದರೆ ಉಪಯೋಗವಿಲ್ಲವೆಂದು ಅವರಿಗೆ ಗೊತ್ತು. ಹೋದ ವರ್ಷ ಕೊಳೆ ಬಂದಿಲ್ಲ, ಈ ವರ್ಷ ಮದ್ದು ಯಾಕೆ ಎಂದು ಯಾವ ತೋಟದವನೂ ಕೇಳುವುದಿಲ್ಲ. ಲಿಥಿಯಂ ಮಾಡುವುದೂ ಇದನ್ನೇ: ಮುಂದಿನ ಉನ್ಮಾದ, ಮುಂದಿನ ಖಿನ್ನತೆ ಬಾರದಂತೆ ತಡೆಯುವುದು. ಅಡಿಕೆಗೆ ಕೊಟ್ಟ ತಿಳಿವಳಿಕೆಯನ್ನು ಮನುಷ್ಯನಿಗೂ ಕೊಡಿ.

ಹಾಗೆಂದು ನಾನು ಔಷಧ ಕಂಪನಿಗಳ ವಕೀಲನಲ್ಲ. ಲಿಥಿಯಂನಲ್ಲಿ ಕಂಪನಿಗಳಿಗೆ ದೊಡ್ಡ ಲಾಭವೂ ಇಲ್ಲ. ಅದೊಂದು ಅಗ್ಗದ ಲವಣ, ಅದಕ್ಕೆ ಪೇಟೆಂಟ್ ಇಲ್ಲ. ಅದನ್ನು ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು ಗುಣ ಕಂಡದ್ದನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಅವರ ಮೊದಲ ರೋಗಿಯೇ ಮರುವರ್ಷ ಲಿಥಿಯಂ ವಿಷವೇರಿ ಸತ್ತ. ಎರಡೂ ಒಂದೇ ಕಥೆಯ ಭಾಗ. ರಕ್ತದಲ್ಲಿ ಲಿಥಿಯಂ ಒಂದು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ವಿಷದತ್ತ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಏರುತ್ತದೆ. ಮೈಕೈ ನೋವೆಂದು ಅಂಗಡಿಯಲ್ಲಿ ಕೊಂಡು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದಲೂ ಏರುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ನೋಡುತ್ತಿರಬೇಕು. ಅದೂ ಕೊನೆಯ ಗುಳಿಗೆ ನುಂಗಿ 12 ಗಂಟೆಯ ಹೊತ್ತಿಗೆ ರಕ್ತ ತೆಗೆಯಬೇಕು.

ಈ 12 ಗಂಟೆಯ ಲೆಕ್ಕವನ್ನು ಸಿರಿಮನೆಯಲ್ಲಿ ಕೂತು ಹಾಕಿ ನೋಡಿ. ರಾತ್ರಿ ಒಂಬತ್ತಕ್ಕೆ ಗುಳಿಗೆ ನುಂಗಿದವರ ರಕ್ತ ಬೆಳಿಗ್ಗೆ ಒಂಬತ್ತಕ್ಕೆ ಸಿಗಬೇಕು. ನನಗೆ ಗೊತ್ತಿರುವ ಮನೆಯವರು ಕಿಗ್ಗ, ಶೃಂಗೇರಿ ದಾಟಿ, ಶಿವಮೊಗ್ಗಕ್ಕೋ ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೋ ಹೋಗುತ್ತಾರೆ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಬಸ್ಸಿನ ಪಾಡು ಹೇಳುವುದೇ ಬೇಡ. ಒಂದು ಪರೀಕ್ಷೆಗೆ ಇಬ್ಬರ ಒಂದು ದಿನದ ಕೂಲಿ, ಬಸ್ ಚಾರ್ಜು, ಹೋಟೆಲ್ ಊಟ. ಎರಡು ಸಲ ಹೋಗುತ್ತಾರೆ, ಮೂರನೆಯ ಸಲ ಬಿಡುತ್ತಾರೆ. ಆಗ ಲಿಥಿಯಂ ಅಪಾಯದ ಔಷಧ ಎಂಬ ಮಾತು ನಿಜವಾಗುತ್ತದೆ. ಅಪಾಯವನ್ನು ತಂದದ್ದು ಲಿಥಿಯಂ ಒಂದೇ ಅಲ್ಲ, ಇಲ್ಲದ ಪ್ರಯೋಗಾಲಯವೂ ಹೌದು.

ಈ ತೊಡಕಿಲ್ಲ ಎಂಬ ಕಾರಣಕ್ಕೆ ಬೈಪೋಲಾರ್ ಇದ್ದವರಿಗೆ ವಾಲ್‌ಪ್ರೋಯೇಟ್ ಬರೆಯುವುದು ಸುಲಭ. ಆದರೆ ಗರ್ಭಿಣಿ ಅದನ್ನು ತೆಗೆದುಕೊಂಡರೆ ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಹುಟ್ಟು ನ್ಯೂನತೆ ಬರುತ್ತದೆ. ಇಪ್ಪತ್ತೆರಡರ ಹುಡುಗಿಗೆ, ಮದುವೆಯ ಮಾತು ನಡೆಯುತ್ತಿರುವಾಗ, ಇದನ್ನು ಯಾರು ಹೇಳುತ್ತಾರೆ? ಅವಳ ಮನೆಯವರೋ, ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ಗುಳಿಗೆಯನ್ನೇ ನಿಲ್ಲಿಸುತ್ತಾರೆ. ಮದುವೆಯಾದ ಕೆಲವೇ ತಿಂಗಳಿಗೆ ಕಾಯಿಲೆ ಮರುಕಳಿಸುತ್ತದೆ, ಅವಳನ್ನು ತವರಿಗೆ ತಂದು ಬಿಡುತ್ತಾರೆ. ಹುಚ್ಚಿನ ಮೇಲಿನ ಅಧಿಕಾರವನ್ನು ಅಧ್ಯಯನ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ?

ವೈದ್ಯರ ಮೇಲೂ ನನಗೆ ಸಿಟ್ಟಿದೆ. ಹಳೆಯ ಆಂಟಿಸೈಕೋಟಿಕ್‌ಗಳಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಿಗೆ ನಾಲಿಗೆ, ದವಡೆ ತಾವಾಗಿ ಆಡತೊಡಗುತ್ತವೆ. ಔಷಧ ಬಿಟ್ಟರೂ ಅದು ಹೋಗದಿರಬಹುದು. ಹೊಸತರಲ್ಲಿ ಒಲಾನ್ಝಪಿನ್‌ನಿಂದ ತೂಕವೂ ಸಕ್ಕರೆಯೂ ಏರುತ್ತವೆ, ರಿಸ್ಪೆರಿಡೋನ್‌ನಿಂದ ಹೆಂಗಸರ ಮುಟ್ಟು ನಿಲ್ಲಬಹುದು. ಚಿಕ್ಕಪ್ಪನ ಕೈ ನಡುಗುತ್ತದೆ ಎಂದಾಗ ಒಬ್ಬ ವೈದ್ಯರು ಮುಖ ಎತ್ತದೆ “ಹಾಗೇ ಇರ್ತದೆ” ಎಂದರು. ಇನ್ನೊಬ್ಬರು ಪ್ರಮಾಣ ಇಳಿಸಿದರು, ನಡುಕ ಅರ್ಧಕ್ಕೆ ಇಳಿಯಿತು. ರೋಗಿಯ ಮಾತನ್ನು ರೋಗದ ಲಕ್ಷಣವೆಂದಷ್ಟೇ ಕೇಳುವ ವೈದ್ಯನ ಬಗ್ಗೆ ಫುಕೋ ಓದಿದವರು ಹೇಳುವುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಮದ್ದು ಔಷಧವನ್ನು ಎಸೆಯುವುದಲ್ಲ. ಅಡ್ಡ ಪರಿಣಾಮವನ್ನು ಮೊದಲೇ ತಿಳಿಸುವ, ಕೇಳಿಸಿಕೊಳ್ಳುವ, ಪ್ರಮಾಣ ಬದಲಿಸುವ ವೈದ್ಯನನ್ನು ಹಕ್ಕಿನಿಂದ ಕೇಳುವುದು.

ಹಕ್ಕು ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ. ಅದರ 18ನೆಯ ಕಲಮಿನ ಪ್ರಕಾರ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು. ಕಾಗದದ ಮೇಲೆ ಇದು ಚಂದ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆ ಇರುವವರಲ್ಲಿ ಚಿಕಿತ್ಸೆ ಸಿಗದವರು 100ಕ್ಕೆ 70ರಿಂದ 92. ಈ ದೇಶದ ದೊಡ್ಡ ಸಮಸ್ಯೆ ಅತಿಯಾಗಿ ಗುಳಿಗೆ ನುಂಗಿಸುವ ಮನೋವೈದ್ಯ ಎಂದು ಈ ಅಂಕಿಯ ಮುಂದೆ ನಿಂತು ಹೇಳಲು ಸಾಧ್ಯವೇ? ಶೃಂಗೇರಿಯ ಜನ ನೂರು ಹಾಸಿಗೆಯ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗಿದ್ದಾರೆ. ಆ ಕೂಗಿನ ಒಳಗೆ ಈ ರೋಗಿಗಳ ದನಿಯೂ ಸೇರಬೇಕು.

ಕನ್ನಡಕ್ಕೆ ಇದು ಹೊಸತಲ್ಲ. 1976ರಲ್ಲಿ ಕನ್ನಡದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಕಾಯಿಲೆಗಳ ಕುರಿತ ‘ಮನಮಂಥನ’ಕ್ಕೆ. ಬರೆದವರು ಎಂ. ಶಿವರಾಂ, ಕೊರವಂಜಿಯ ರಾಶಿ, ವೃತ್ತಿಯಲ್ಲಿ ವೈದ್ಯರು. ನಿಮ್ಹಾನ್ಸ್‌ನಲ್ಲಿದ್ದ ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಪುಸ್ತಕಗಳು ಹಳ್ಳಿ ಗ್ರಂಥಾಲಯಕ್ಕೂ ಹೋಗಿವೆ. ಹುಚ್ಚನ್ನು ಬಲ್ಲ, ರೋಗಿಯನ್ನು ಗೌರವಿಸುವ, ಔಷಧಕ್ಕೆ ಹೆದರದ ಗದ್ಯ ನಮ್ಮಲ್ಲೇ ಇದೆ. ನಾವು ಅದನ್ನು ‘ಜನಪ್ರಿಯ’ ಎಂದು ಬದಿಗಿಟ್ಟು, ಪ್ಯಾರಿಸ್ಸಿನ ಆಸ್ಪತ್ರೆಗಳ ಇತಿಹಾಸ ಓದಿ ಕಿಗ್ಗದ ರೋಗಿಯ ಬಗ್ಗೆ ತೀರ್ಪು ಕೊಡುತ್ತಿದ್ದೇವೆ.

ನನ್ನ ಓರಗೆಯ ಸಂಶೋಧಕರಿಗೆ ಒಂದು ಕೆಲಸ ಸೂಚಿಸುತ್ತೇನೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಥಿಯಂ ಕಾರ್ಬೊನೇಟ್ ಇದೆಯೇ, ರಿಸ್ಪೆರಿಡೋನ್ ಇದೆಯೇ, ತಿಂಗಳ ಇಂಜೆಕ್ಷನ್ ಇದೆಯೇ, ಹೋದ ವರ್ಷ ಎಷ್ಟು ದಿನ ಇರಲಿಲ್ಲ, ಲಿಥಿಯಂ ಮಟ್ಟ ನೋಡಲು ರಕ್ತವನ್ನು ಅಲ್ಲೇ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆಯೇ ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅದನ್ನು ಮುಂದಿನ ಸಂಕಿರಣದಲ್ಲಿ ಓದಿ. ಆಮೇಲೆ ಬೇಕಾದರೆ ಸರಪಳಿಯ ರೂಪಕದ ಬಗ್ಗೆ ಮಾತಾಡೋಣ.