ಪರ್ಷಿಯನ್ ಬೆಕ್ಕಿಗೆ ಹಾಲು-ಅನ್ನ ಸಾಲೂದಿಲ್ರೀ

ಅಕ್ಕಾರ, ವೈನಿಯವರ, ಸಿಟ್ಟಾಗಬ್ಯಾಡ್ರಿ, ಖರೇ ಮಾತು ಹೇಳ್ತೇನಿ. ಸಾವಿರಗಟ್ಟಲೆ ರೊಕ್ಕಾ ಕೊಟ್ಟು ಪರ್ಷಿಯನ್ ಮರಿ ತರ್ತೀರಿ, ಆಮ್ಯಾಲೆ "ನಮ್ಮನ್ಯಾಗ ಅದೆಲ್ಲಾ ನಡ್ಯೂದಿಲ್ಲ" ಅಂತ ಬರೇ ಹಾಲು-ಅನ್ನ ಹಾಕ್ತೀರಿ. ಅಜ್ಜಿ ಕಾಲದ ಬೆಕ್ಕೂ ಅದನ್ನ ತಿಂತಿತ್ತು ಅಂತೀರಿ. ಖರೆ, ಆದ್ರ ರಾತ್ರಿ ಅಟ್ಟದ ಮ್ಯಾಲೆ ಇಲೀನೂ ಹಿಡೀತಿತ್ತಲ್ಲ! ಫ್ಲ್ಯಾಟಿನ್ಯಾಗ ಕೂಡಿಹಾಕಿದ ಮರಿಗೆ ಇಲಿ ಎಲ್ಲಿಂದ ಬರಬೇಕು? ಮಾಂಸದಾಗಿರೋ ಟಾರಿನ್ ಸಿಗದಿದ್ರ ಬರಬರ್ತಾ ಬೆಕ್ಕಿನ ಕಣ್ಣು ಹೋಗ್ತಾವ, ಹೃದಯ ಸೋಲ್ತದ. ಹಾಲಿನಿಂದ ಭಾಳ ಬೆಕ್ಕಿಗೆ ಭೇದಿ ಬ್ಯಾರೆ.

ನಾನೂ ಉಳ್ಳಾಗಡ್ಡಿ ತಿನ್ನದ ಮನಿಯಾಕೀನ. ನಮ್ಮ ಬೆಕ್ಕಿನ ಪಾಕೀಟು, ತಾಟು ಹಿತ್ತಲ ಖೋಲ್ಯಾಗ ಇರ್ತಾವ. 12 ವಾರ ತಾಯಿ ಹತ್ರ ಬಿಟ್ಟು, ಲಸಿಕೆ ಹಾಕಿಸಿದ ಮರಿ ತರ್ರಿ. ದಿನಾ ಕೂದಲಾ ಬಾಚ್ರಿ. ಪಾಕೀಟಿಗೆ ಮಡಿ ಅಡ್ಡ ಬಂದ್ರ ಮರೀನ ತರಬ್ಯಾಡ್ರಿ. ಮಡಿ ನಿಮ್ಮದು, ಉಪವಾಸ ಬೆಕ್ಕಿಗ್ಯಾಕ?