ಖಾಲಿ ಟ್ಯಾಂಕು ಖಾಲಿಯಲ್ಲ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಶಾಲೆಗಳಿಗೆ ಹೋದಾಗ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುವುದುಂಟು. "ಪೆಟ್ರೋಲ್ ತುಂಬಿದ ಕ್ಯಾನ್ ಅಪಾಯವೋ, ಖಾಲಿ ಕ್ಯಾನೋ?" ಎಲ್ಲರೂ ಒಕ್ಕೊರಲಿನಿಂದ "ತುಂಬಿದ್ದು ಸಾರ್!" ಎನ್ನುತ್ತಾರೆ. ತುಂಬಿದ್ದು ಅಪಾಯವೇ, ನಿಜ. ಆದರೆ ಖಾಲಿ ಕ್ಯಾನಿನ ಬಗ್ಗೆ ಯಾರಿಗೂ ಭಯವಿಲ್ಲ. ದ್ರವ ಮುಗಿದರೂ ಅದರ ಆವಿ ಉಳಿದಿರುತ್ತದೆ; ದ್ರವವಿದ್ದ ಜಾಗಕ್ಕೆ ಗಾಳಿ ಬಂದು ಸೇರಿರುತ್ತದೆ. ಈ ಮಿಶ್ರಣಕ್ಕೆ ಒಂದು ಕಿಡಿ ಸಾಕು.

ವಿಮಾನಲೋಕ ಈ ಪಾಠವನ್ನು ಭಾರಿ ಬೆಲೆ ತೆತ್ತು ಕಲಿಯಿತು. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಬೋಯಿಂಗ್ 747 ವಿಮಾನವೊಂದು ಆಕಾಶದಲ್ಲೇ ಸಿಡಿದು 230 ಜನ ಸತ್ತರು. ಸಿಡಿದದ್ದು ಮಧ್ಯದ ಟ್ಯಾಂಕು. ಅದರ ತಳದಲ್ಲಿ ಸ್ವಲ್ಪವೇ ಇಂಧನ ಉಳಿದಿತ್ತು. ಕೆಳಗಿದ್ದ ಹವಾನಿಯಂತ್ರಣ ಯಂತ್ರಗಳ ಶಾಖಕ್ಕೆ ಅದು ಆವಿಯಾಗಿತ್ತು. ಕಿಡಿ ಎಲ್ಲಿಂದ ಬಂತೆಂಬುದು ಮಾತ್ರ ತನಿಖೆಯಿಂದಲೂ ಖಚಿತವಾಗಲಿಲ್ಲ.

ಟ್ಯಾಂಕಿನಲ್ಲಿ ಕಿಡಿ ಹುಟ್ಟಬಹುದಾದ ಕಾರಣಗಳನ್ನೆಲ್ಲ ಹುಡುಕಿ ಸರಿಪಡಿಸಬೇಕೆಂದು 2001ರಲ್ಲಿ ಅಮೆರಿಕ ನಿಯಮ ಮಾಡಿತು. ಒಳ್ಳೆಯದೇ. ಆದರೆ 2006ರ ಮೇ 4ರಂದು ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ, ನೆಲದ ಮೇಲಿದ್ದ ಬೋಯಿಂಗ್ 727 ಸರಕು ವಿಮಾನದ ಎಡ ರೆಕ್ಕೆಯ ಟ್ಯಾಂಕು ಸಿಡಿಯಿತು. ಇಂಧನ ಪಂಪಿಗೆ ಹೋಗುವ ವಿದ್ಯುತ್ ತಂತಿ ಕಿಡಿ ಕಾರಿತ್ತು. ಕಿಡಿಯನ್ನಷ್ಟೇ ಕಾಯುತ್ತ ಕುಳಿತರೆ ಸಾಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ದಹನಕ್ಕೆ ಮೂರು ಬೇಕು ಎಂದು ನಾವೇ ಕಲಿಸುತ್ತೇವೆ: ದಹ್ಯವಸ್ತು, ಆಮ್ಲಜನಕ, ಶಾಖ. ಇಂಧನವಿಲ್ಲದೆ ವಿಮಾನ ಹಾರದು. ಕಿಡಿಯನ್ನು ಪೂರ್ತಿ ತಡೆಯಲಾಗದು. ಉಳಿದದ್ದು ಆಮ್ಲಜನಕ. 2008ರ ಜುಲೈನಲ್ಲಿ ಬಂದ ನಿಯಮ ಟ್ಯಾಂಕಿನೊಳಗಿನ ಆವಿಯೇ ಸುಲಭವಾಗಿ ಹೊತ್ತಿಕೊಳ್ಳದಂತೆ ಮಾಡಬೇಕೆಂದಿತು. ಇದಕ್ಕೆ ಮುಖ್ಯ ಉಪಾಯ ಹೀಗಿದೆ: ಎಂಜಿನ್ನಿನಿಂದ ಒತ್ತಡದ ಗಾಳಿಯನ್ನು ತಂದು ಕೂದಲೆಳೆಯಂಥ ಟೊಳ್ಳು ನಾರುಗಳ ಮೂಲಕ ಹಾಯಿಸುತ್ತಾರೆ. ಆಮ್ಲಜನಕ ನಾರಿನ ಗೋಡೆಯಿಂದ ಬೇಗ ಹೊರಹೋಗುತ್ತದೆ. ಉಳಿದ ಸಾರಜನಕಭರಿತ ಗಾಳಿ ಟ್ಯಾಂಕಿಗೆ ಹೋಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ಟ್ಯಾಂಕಿನಲ್ಲಿ ಅದು ಶೇ. 12ಕ್ಕೆ ಇಳಿದರೆ, ಕಿಡಿ ಹಾರಿದರೂ ಆವಿ ಸಿಡಿಯದು.

ಇಂಥ ಅವಘಡ ಅಪರೂಪ, ಖರ್ಚು ಹೆಚ್ಚು ಎಂಬ ವಾದ ಆಗ ಬಲವಾಗಿತ್ತು. 1996ರ ದುರಂತದಿಂದ ಈ ನಿಯಮಕ್ಕೆ 12 ವರ್ಷ ಹಿಡಿಯಿತು. ಅದೂ ಆಗಲೇ ಹಾರುತ್ತಿದ್ದ ಸರಕು ವಿಮಾನಗಳಿಗೆ ಇದನ್ನು ಕಡ್ಡಾಯ ಮಾಡಲಿಲ್ಲ. ಪ್ರಯಾಣಿಕರು ಹೆಚ್ಚು, ಸಿಬ್ಬಂದಿ ಕಡಿಮೆ ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಸಿಡಿದದ್ದು ಸರಕು ವಿಮಾನವೇ ಅಲ್ಲವೇ? ಅದನ್ನು ಓಡಿಸುವವರೂ, ಅದರ ಕೆಳಗೆ ನಿಂತು ದುಡಿಯುವವರೂ ಮನುಷ್ಯರೇ.

ವಿಮಾನದ ಮಾತು ನಮ್ಮ ಹಳ್ಳಿ ಶಾಲೆಗೆ ಏಕೆ ಎನ್ನಬೇಡಿ. "ಹುಷಾರು, ಬೆಂಕಿ ತಾಗಿಸಬೇಡಿ" ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಅದು ಮೂರರಲ್ಲಿ ಒಂದನ್ನು ಮಾತ್ರ ಕಾಯುವ ಪಾಠ. ಒಬ್ಬರು ಮರೆತರೂ ಅನಾಹುತವಾಗದಂತೆ ಮಾಡುವುದು ನಿಜವಾದ ಸುರಕ್ಷತೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲ್, ಪಂಪ್‌ಸೆಟ್ಟಿನ ಬಳಿಯ ಹಳೇ ಡಬ್ಬ, ಬಣ್ಣ ಬಳಿದ ಮೇಲೆ ಮೂಲೆಯಲ್ಲಿ ಉಳಿದ ಥಿನ್ನರ್ ಡಬ್ಬ, ಇವು ಮಕ್ಕಳ ಕೈಗೆ ಎಟುಕುವಲ್ಲಿ ಇರಲೇಬಾರದು. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಗ್ಯಾಸ್ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡುತ್ತದೆ. ಆದ್ದರಿಂದ ನೆಲಮಟ್ಟದಲ್ಲೂ ಗಾಳಿಗಂಡಿ ಇರಲಿ.

ತರಗತಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ. ಉರಿಯುವ ಮೇಣದ ಬತ್ತಿಯ ಮೇಲೆ ನೀವೇ ಗಾಜಿನ ಲೋಟ ಮಗುಚಿ. ಬತ್ತಿ ಆರಿದಾಗ, "ಆಮ್ಲಜನಕ ಪೂರ್ತಿ ಮುಗಿಯಿತೇ?" ಎಂದು ಕೇಳಿ. ಇಲ್ಲ, ಉರಿಯಲು ಸಾಲದಷ್ಟು ಕಡಿಮೆಯಾಯಿತು ಅಷ್ಟೇ. ವಿಮಾನದ ಟ್ಯಾಂಕಿನ ಗುಟ್ಟು ಆ ಲೋಟದಲ್ಲೇ ಇದೆ. ಆಮೇಲೆ ಖಾಲಿ ಕ್ಯಾನಿನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ನೋಡಿ.