ಸಾಲ ಮಾಡೋರು ಅವರು, ತೀರಿಸೋರು ನಾವು

1/6
ಬಜೆಟ್ ಬಂತು ಅಂದ್ರೆ ಸಾಕು, ಕ್ಲಾಸ್ ಗ್ರೂಪ್ ಎರಡು ಹೋಳು. ಒಂದು ಕಡೆ "ಬಿಟ್ಟಿ ಭಾಗ್ಯ ಕೊಟ್ಟು ರಾಜ್ಯ ದಿವಾಳಿ ಮಾಡಿದ್ರು". ಇನ್ನೊಂದು ಕಡೆ "ನಮ್ಮ ತೆರಿಗೆ ದುಡ್ಡೆಲ್ಲ ದೆಹಲಿ ನುಂಗ್ತಿದೆ". ಇಬ್ರೂ ಫಾರ್ವರ್ಡ್ ಮಾಡೋದು ಅವರವರ ಪಕ್ಷದ ಪೋಸ್ಟರ್. ಲೆಕ್ಕ ತೆರೆದು ನೋಡಿದೋರು ಎಷ್ಟು ಜನ? ಈ ಸರಣಿ ಇಬ್ಬರಿಗೂ. ಇಬ್ಬರಿಗೂ ಸ್ವಲ್ಪ ಉರಿಯುತ್ತೆ, ಆದ್ರೂ ಪೂರ್ತಿ ಓದಿ 👇

2/6 "ದಿವಾಳಿ" ಅನ್ನೋರಿಗೆ
2025ರ ಮಾರ್ಚ್ 7ರಂದು ಸಿದ್ದರಾಮಯ್ಯ ಮಂಡಿಸಿದ ಬಜೆಟ್ ಗಾತ್ರ ₹4,09,549 ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ ₹51,034 ಕೋಟಿ. ಅಂದ್ರೆ ಎಂಟು ರೂಪಾಯಲ್ಲಿ ಒಂದು ರೂಪಾಯಿ. ರಾಜ್ಯದ ಒಟ್ಟು ಸಾಲದ ಹೊರೆ ಜಿಎಸ್‌ಡಿಪಿಯ 24.91% ಅಂತ ಅಂದಾಜು. ನಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ 25%. ಅಂಚಿಗೆ ಬಂದು ನಿಂತಿದೆ, ನಿಜ. ದಿವಾಳಿ ಆಗಿಲ್ಲ.

ಈಗ ಕೇಂದ್ರ ನೋಡಿ. ಅದೇ ವರ್ಷಕ್ಕೆ ಕೇಂದ್ರದ ಸಾಲ ಜಿಡಿಪಿಯ ಸುಮಾರು 56%. 2025ರ ಮಾರ್ಚ್ ಒಳಗೆ ಅದನ್ನ 40%ಗೆ ಇಳಿಸ್ತೀವಿ ಅಂತ 2018ರಲ್ಲಿ ಕಾನೂನಿಗೇ ತಿದ್ದುಪಡಿ ತಂದಿದ್ದು ಇದೇ ಕೇಂದ್ರ ಸರ್ಕಾರ. ನಡುವೆ ಕೋವಿಡ್ ಬಂತು, ಒಪ್ಪೋಣ. ಆದ್ರೆ ದೆಹಲಿ ಸಾಲ ಮಾಡಿದ್ರೆ "ಅಭಿವೃದ್ಧಿ", ಬೆಂಗಳೂರು ಸಾಲ ಮಾಡಿದ್ರೆ "ದಿವಾಳಿ" ಅನ್ನೋದು ಯಾವ ಲೆಕ್ಕ ಗುರೂ?

3/6 "ಬಿಟ್ಟಿ" ಅನ್ನೋ ಪದ
2022ರ ಜುಲೈನಲ್ಲಿ ಪ್ರಧಾನಿ "ರೇವ್ಡಿ ಸಂಸ್ಕೃತಿ" ದೇಶಕ್ಕೆ ಅಪಾಯ ಅಂದ್ರು. 2024ರಲ್ಲಿ ಮಹಾರಾಷ್ಟ್ರದ ಅವರದೇ ಮೈತ್ರಿ ಸರ್ಕಾರ ಮಹಿಳೆಯರಿಗೆ ತಿಂಗಳಿಗೆ ₹1,500 ಹಾಕೋಕೆ ಶುರು ಮಾಡಿತು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ 30%ರಿಂದ 22%ಗೆ ಇಳೀತು. ಆ ಘೋಷಣೆಗಳಿಂದ ವರ್ಷಕ್ಕೆ ₹1.45 ಲಕ್ಷ ಕೋಟಿ ಆದಾಯ ಕೈಬಿಡುತ್ತೆ ಅಂತ ಸರ್ಕಾರವೇ ಹೇಳಿತ್ತು. ಅದನ್ನ ಯಾರೂ ಬಿಟ್ಟಿ ಭಾಗ್ಯ ಅನ್ನಲಿಲ್ಲ. ಅದರ ಹೆಸರು "ಉತ್ತೇಜನ".

ಮತ್ತೆ, ಶಕ್ತಿ ಟಿಕೆಟ್ ಹಿಡ್ಕೊಂಡು ಬಸ್ ಹತ್ತೋ ಹೆಂಗಸರನ್ನ ಅಣಕಿಸೋ ರೀಲ್ಸ್ ಹಾಕ್ತೀರಲ್ಲ, ಅವರೂ ತೆರಿಗೆ ಕಟ್ತಾರೆ. ₹299 ರೀಚಾರ್ಜಲ್ಲಿ ಸುಮಾರು ₹45 ಜಿಎಸ್‌ಟಿ. ಆ ರೀಚಾರ್ಜ್ ಮನೆಕೆಲಸದ ಅಕ್ಕ ಮಾಡಿಸಿದ್ರೂ ಅಷ್ಟೇ, ಐಟಿ ಕಂಪನಿ ಮ್ಯಾನೇಜರ್ ಮಾಡಿಸಿದ್ರೂ ಅಷ್ಟೇ. "ನಾನು ತೆರಿಗೆ ಕಟ್ತೀನಿ, ಅವರು ತಿಂತಾರೆ" ಅನ್ನೋದು ಸುಳ್ಳು.

4/6 ಗ್ಯಾರಂಟಿ ಅಭಿಮಾನಿಗಳಿಗೆ
ಚಪ್ಪಾಳೆ ನಿಲ್ಲಿಸಿ, ಈಗ ನಿಮ್ಮ ಸರದಿ. ಅದೇ ಬಜೆಟ್ಟಲ್ಲಿ ಹೊಸ ಸಾಲ ₹1,16,000 ಕೋಟಿ. ರಾಜಸ್ವ ಕೊರತೆ ₹19,262 ಕೋಟಿ. ರಾಜಸ್ವ ಕೊರತೆ ಅಂದ್ರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೇ ಆದಾಯ ಸಾಲದೆ ಸಾಲ ಎತ್ತೋದು. ಮನೆ ಕಟ್ಟೋಕೆ ಸಾಲ ಮಾಡೋದು ಬೇರೆ, ದಿನಸಿ ತರೋಕೆ ಸಾಲ ಮಾಡೋದು ಬೇರೆ.

ಖಜಾನೆ ತುಂಬಿಸಿದ್ದು ಹೇಗೆ? 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ತಲಾ ಸುಮಾರು ₹3 ಏರಿತು. 2025ರ ಜನವರಿಯಲ್ಲಿ ಬಸ್ ದರ 15% ಏರಿತು. ಅಕ್ಕನಿಗೆ ಫ್ರೀ, ತಮ್ಮನಿಗೆ ಡಬಲ್ ಬರೆ. ಬಿಜೆಪಿ ಗೆಳೆಯರೇ, ನಗಬೇಡಿ. 2021 ಮತ್ತು 2022ರಲ್ಲಿ ನಿಮ್ಮವರು ಮಂಡಿಸಿದ್ದೂ ರಾಜಸ್ವ ಕೊರತೆ ಬಜೆಟ್ಟೇ.

5/6 ದೆಹಲಿ ಲೆಕ್ಕ
ಇಲ್ಲಿ ಕಾಂಗ್ರೆಸ್ ದೂರಲ್ಲಿ ಹುರುಳಿದೆ. ಕೇಂದ್ರ ಹಂಚೋ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713% ಇತ್ತು, 15ನೇ ಆಯೋಗದಲ್ಲಿ 3.647%ಗೆ ಇಳೀತು. ಸೆಸ್, ಸರ್ಚಾರ್ಜ್ ಅಂತ ಎತ್ತಿದ ದುಡ್ಡು ಈ ಹಂಚಿಕೆಗೆ ಬರೋದೇ ಇಲ್ಲ. 2019ರಲ್ಲಿ ಬಿಜೆಪಿಗೆ 28ರಲ್ಲಿ 25 ಸಂಸದರನ್ನ ಕೊಟ್ಟ ರಾಜ್ಯ ಇದು. 2024ರ ಫೆಬ್ರವರಿ 7ರಂದು ಜಂತರ್ ಮಂತರ್‌ನಲ್ಲಿ ಕೂತಿದ್ದು ಮಾತ್ರ ಕಾಂಗ್ರೆಸ್ ಸರ್ಕಾರ ಒಂದೇ.

ಆದ್ರೆ ಯುಪಿಎ ಕಾಲದಲ್ಲೂ ಸೆಸ್ ದುಡ್ಡು ರಾಜ್ಯಗಳಿಗೆ ಹಂಚಿಕೆ ಆಗ್ತಿರಲಿಲ್ಲ. ಆಗ "ನನ್ನ ತೆರಿಗೆ ನನ್ನ ಹಕ್ಕು" ಎಲ್ಲಿತ್ತು?

6/6 ನಮ್ಮ ಕೆಲಸ
ಸರ್ಕಾರ ಸಾಲ ಎತ್ತೋದು ಹೆಚ್ಚಾಗಿ ಹತ್ತು, ಹದಿನೈದು ವರ್ಷದ ಬಾಂಡ್ ಮೇಲೆ. ಅದು ತೀರೋ ಹೊತ್ತಿಗೆ ಈಗ ಭಾಷಣ ಮಾಡ್ತಿರೋ ಎಷ್ಟೋ ಜನ ನಿವೃತ್ತಿ ಆಗಿರ್ತಾರೆ. ನಮಗೆ ಮೂವತ್ತೈದು ಆಗಿರುತ್ತೆ, ಸಂಬಳದಲ್ಲಿ ತೆರಿಗೆ ಹಿಡೀತಿರ್ತಾರೆ. ಹಾಗಾಗಿ ಯಾವ ಪಕ್ಷದ ಪೋಸ್ಟರ್ ಬಂದ್ರೂ ಮೂರೇ ಪ್ರಶ್ನೆ ಕೇಳಿ:

▪️ ಸಾಲ ಯಾವುದಕ್ಕೆ? ಶಾಲೆ, ಕೆರೆ, ರಸ್ತೆಗಾ, ಇಲ್ಲ ತಿಂಗಳ ಖರ್ಚಿಗಾ?
▪️ ತೆರಿಗೆ ಯಾರ ಮೇಲೆ ಬಿತ್ತು, ಯಾರಿಗೆ ಮಾಫಿ ಆಯ್ತು?
▪️ ನಿಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಇದೇ ಮಾತು ಹೇಳಿತ್ತಾ?

ಮೂರನೇದಕ್ಕೆ ಉತ್ತರ ಕೊಡದೋರ ಜೊತೆ ವಾದ ಮಾಡಿ ಡೇಟಾ ಖಾಲಿ ಮಾಡ್ಕೋಬೇಡಿ. ಕಾಮೆಂಟಲ್ಲಿ ಜಗಳಕ್ಕೆ ನಾನು ರೆಡಿ, ಅಂಕಿ ಹಿಡ್ಕೊಂಡು ಬನ್ನಿ. ಸೇವ್ ಮಾಡಿ, ಗ್ರೂಪಿಗೆ ಹಾಕಿ.

#ಬಜೆಟ್ #ತೆರಿಗೆ #ರಾಜ್ಯದಸಾಲ #ಕರ್ನಾಟಕ #ಲೆಕ್ಕಕೇಳಿ